ಕಡಲಧಾಮದ ನಿರ್ಬಂಧ: ತೂಕವುಳ್ಳ ಅಹವಾಲು ಬರೆಯುವುದು ಹೇಗೆ?

ಕಡಲಿನ ಒಂದು ಭಾಗವನ್ನು ವನ್ಯಜೀವಿಧಾಮ ಮಾಡುವ ಸುದ್ದಿ ಬಂದರೆ ಕರಾವಳಿಯ ಊರುಗಳಲ್ಲಿ ಒಂದೇ ಬಗೆಯ ಪತ್ರ ಸಿದ್ಧವಾಗುತ್ತದೆ. ‘ಮೀನುಗಾರರ ಹೊಟ್ಟೆಯ ಮೇಲೆ ಹೊಡೆಯುವ ಈ ಯೋಜನೆಯನ್ನು ಕೈಬಿಡಬೇಕು’ ಎಂಬ ಎರಡು ಸಾಲು, ಕೆಳಗೆ ಪುಟಗಟ್ಟಲೆ ಸಹಿ. ಆ ಸಿಟ್ಟು ನ್ಯಾಯವಾದದ್ದೇ. ಆದರೆ ಗಡಿಯ ಗೆರೆಯನ್ನು ಎಲ್ಲಿಂದ ಎಲ್ಲಿಗೆ ಸರಿಸಬೇಕು ಎಂಬ ಪ್ರಶ್ನೆಗೆ ಆ ಪತ್ರದಲ್ಲಿ ಉತ್ತರವಿರುವುದಿಲ್ಲ. ‘ವಿರೋಧವಿದೆ’ ಎಂದು ಷರಾ ಬರೆದು ಕಡತಕ್ಕೆ ಸೇರಿಸಿದರೆ ಅಧಿಕಾರಿಯ ಕೆಲಸ ಮುಗಿಯಿತು. ಇಂಥ ಪತ್ರಗಳು ಹೀಗೆ ವ್ಯರ್ಥವಾಗುವುದನ್ನು ನೋಡಿ ನೋಡಿ ಇದನ್ನು ಬರೆಯುತ್ತಿದ್ದೇನೆ.

ಗೆರೆಗಳು ಸರಿಯುವುದಿಲ್ಲ ಎಂದು ಯಾರೂ ಕೈಚೆಲ್ಲಬೇಕಿಲ್ಲ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್ ಕಡಲ ಉದ್ಯಾನದ ವಲಯಗಳನ್ನು ಹೊಸದಾಗಿ ಗುರುತಿಸಿದಾಗ ಎರಡು ಸುತ್ತುಗಳಲ್ಲಿ 31,000ಕ್ಕೂ ಹೆಚ್ಚು ಅಹವಾಲುಗಳು ಬಂದವು. 2004ರಲ್ಲಿ ಜಾರಿಗೆ ಬಂದ ಅಂತಿಮ ನಕ್ಷೆಯಲ್ಲಿ ಮೀನು ಹಿಡಿಯುವಂತಿಲ್ಲದ ಭಾಗ ಶೇ 5ಕ್ಕಿಂತ ಕೆಳಗಿದ್ದದ್ದು ಶೇ 33ಕ್ಕೆ ಏರಿತು. ಹಾಗಿದ್ದೂ ಕರಡು ನಕ್ಷೆಗೂ ಅಂತಿಮ ನಕ್ಷೆಗೂ ನಡುವೆ ಗಡಿಗಳು ಬದಲಾದವು. ಸಂರಕ್ಷಣೆ ಬರುವುದು ಖಚಿತವಾಗಿದ್ದರೂ ಅದರ ಗೆರೆ ಎಲ್ಲಿ ಬೀಳಬೇಕು ಎಂಬ ಮಾತಿಗೆ ಅವಕಾಶ ಇದ್ದೇ ಇರುತ್ತದೆ.

1. ಕೈಯಲ್ಲಿರುವ ಕಾಗದ ಯಾವುದು?

ಇದನ್ನು ತಿಳಿಯದೆ ಒಂದಕ್ಷರವನ್ನೂ ಬರೆಯಬೇಡಿ. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ 21ನೇ ಕಲಮಿನಡಿ ಜಿಲ್ಲಾಧಿಕಾರಿ ಹೊರಡಿಸುವ ಪ್ರಕಟಣೆಯಾಗಿದ್ದರೆ, ಅದರ ದಿನಾಂಕದಿಂದ ಎರಡು ತಿಂಗಳೊಳಗೆ ನಿಮ್ಮ ಹಕ್ಕನ್ನು ನಿಗದಿತ ನಮೂನೆಯಲ್ಲಿ ಲಿಖಿತವಾಗಿ ಮಂಡಿಸಬೇಕು. ಲೆಕ್ಕ ಶುರುವಾಗುವುದು ಪ್ರಕಟಣೆಯ ದಿನದಿಂದ, ಸುದ್ದಿ ನಿಮ್ಮ ಕಿವಿಗೆ ಬಿದ್ದ ದಿನದಿಂದ ಅಲ್ಲ. ಧಾಮದ ಸುತ್ತ ಗುರುತಿಸುವ ಪರಿಸರ ಸೂಕ್ಷ್ಮ ವಲಯದ ಕರಡು ಅಧಿಸೂಚನೆಯಾಗಿದ್ದರೆ ಆಕ್ಷೇಪಣೆಗೆ 60 ದಿನಗಳಿರುತ್ತವೆ, ಪತ್ರ ಹೋಗಬೇಕಾದದ್ದು ಕೇಂದ್ರದ ಪರಿಸರ ಸಚಿವಾಲಯಕ್ಕೆ.

ಅನೇಕರಿಗೆ ಗೊತ್ತಿಲ್ಲದ ಒಂದು ವಿಷಯವಿದೆ. ಹಕ್ಕು ಮಂಡಿಸುವ ಈ ಕ್ರಮದ ಮೊದಲ ಮೆಟ್ಟಿಲಾದ 18ನೇ ಕಲಮು ಪ್ರಾದೇಶಿಕ ಜಲಪ್ರದೇಶವನ್ನು ಹೊರಗಿಟ್ಟಿದೆ. ಅಂದರೆ ದಡದಿಂದ 12 ನಾಟಿಕಲ್ ಮೈಲಿನವರೆಗಿನ ಕಡಲನ್ನು ಸರ್ಕಾರ 26ಎ ಕಲಮಿನಡಿ ನೇರವಾಗಿಯೇ ಘೋಷಿಸಬಹುದು. ಆದರೆ ಅದೇ ಕಲಮು ಕೆಲವು ಷರತ್ತುಗಳನ್ನೂ ಹಾಕಿದೆ: ಕೇಂದ್ರದ ಪೂರ್ವಸಮ್ಮತಿ ಬೇಕು, ಕಡಲಿನ ನಕ್ಷೆ ಸಿದ್ಧಪಡಿಸುವ ಕೇಂದ್ರದ ನೌಕಾ ಜಲಮಾಪನದ ಮುಖ್ಯಸ್ಥರೊಂದಿಗೆ ಸಮಾಲೋಚಿಸಿ ಗಡಿ ಗುರುತಿಸಬೇಕು, ಸ್ಥಳೀಯ ಮೀನುಗಾರರ ವೃತ್ತಿಹಿತವನ್ನು ಕಾಯಲು ಸಾಕಷ್ಟು ಕ್ರಮ ಕೈಗೊಂಡಿರಬೇಕು. ಕಡಲಿನ ಭಾಗದ ಬಗ್ಗೆ ಬರೆಯುವಾಗ ನಿಮ್ಮ ಇಡೀ ಅಹವಾಲು ಈ ಕೊನೆಯ ಷರತ್ತಿನ ಮೇಲೆ ನಿಲ್ಲಬೇಕು. ಕಲಮಿನ ಸಂಖ್ಯೆಯನ್ನು ಮೊದಲ ಪ್ಯಾರಾದಲ್ಲೇ ಬರೆಯಿರಿ.

2. ನಕ್ಷೆ ಪಡೆಯುವುದು

ಅಧಿಸೂಚನೆಯ ಅನುಬಂಧದಲ್ಲಿ ಗಡಿಬಿಂದುಗಳ ಅಕ್ಷಾಂಶ, ರೇಖಾಂಶಗಳಿರುತ್ತವೆ. ಇಲ್ಲದಿದ್ದರೆ ಮೊದಲ ವಾರದಲ್ಲೇ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಉತ್ತರ ಕೊಡಲು ಅವರಿಗೆ 30 ದಿನಗಳ ಅವಕಾಶವಿದೆ, ತಡಮಾಡಿದಷ್ಟೂ ನಿಮ್ಮ ಎರಡು ತಿಂಗಳು ಕರಗುತ್ತದೆ.

3. ನಿಮ್ಮ ಜಾಗವನ್ನು ಗುರುತಿಸುವುದು

ಅಹವಾಲು ಕೆಡುವುದು ಬಹುಪಾಲು ಇಲ್ಲಿಯೇ. ಈ ಹಂತಕ್ಕೆ ಒಂದು ವಾರವನ್ನೇ ಮೀಸಲಿಡಿ.

ಮೊದಲು ಅಂಕಿಗಳ ಗೊಂದಲ. ಒಂದೇ ಜಾಗವನ್ನು ಮೂರು ಬಗೆಯಲ್ಲಿ ಬರೆಯುತ್ತಾರೆ. ಮೊಬೈಲ್ 14.3083 ಡಿಗ್ರಿ ಎನ್ನುತ್ತದೆ. ದೋಣಿಯ ಜಿಪಿಎಸ್ 14 ಡಿಗ್ರಿ 18.50 ನಿಮಿಷ ಎಂದು ತೋರಿಸಬಹುದು. ಅಧಿಸೂಚನೆಯಲ್ಲಿ ಅದು 14 ಡಿಗ್ರಿ 18 ನಿಮಿಷ 30 ಸೆಕೆಂಡು ಎಂದಿರುತ್ತದೆ. ಮೂರೂ ಒಂದೇ. ಆದರೆ 18.50 ಎಂಬುದನ್ನು ನೋಡಿ ‘18 ನಿಮಿಷ 50 ಸೆಕೆಂಡು’ ಎಂದು ಬರೆದುಬಿಡುವವರು ಬಹಳ. ಅಕ್ಷಾಂಶದ ಒಂದು ನಿಮಿಷವೆಂದರೆ ಒಂದು ನಾಟಿಕಲ್ ಮೈಲು, ಅಂದರೆ 1,852 ಮೀಟರ್. ಇಪ್ಪತ್ತು ಸೆಕೆಂಡಿನ ಈ ತಪ್ಪು ನಿಮ್ಮ ಜಾಗವನ್ನು 600 ಮೀಟರಿಗೂ ಹೆಚ್ಚು ಉತ್ತರಕ್ಕೆ ಒಯ್ಯುತ್ತದೆ. ಗೆರೆಯ ಒಳಗಿದ್ದದ್ದು ಹೊರಗಾಗಲು, ‘ನಿಮಗೆ ತೊಂದರೆಯೇ ಇಲ್ಲವಲ್ಲ’ ಎಂಬ ಉತ್ತರ ಬರಲು ಅಷ್ಟೇ ಸಾಕು. ಚುಕ್ಕೆಯ ನಂತರದ ಅಂಕಿಯನ್ನು 60ರಿಂದ ಗುಣಿಸಿದರೆ ಸೆಕೆಂಡು ಸಿಗುತ್ತದೆ: 0.50 ಗುಣಿಸು 60, ಮೂವತ್ತು. ಎಲ್ಲವನ್ನೂ ಅಧಿಸೂಚನೆಯ ರೂಪಕ್ಕೇ ತಂದು ಬರೆಯಿರಿ, ಇನ್ನೊಬ್ಬರಿಂದ ಲೆಕ್ಕ ಪರೀಕ್ಷಿಸಿ.

ಫೋಟೊದ ಮೇಲೆ ಸ್ಥಳ ಮುದ್ರಿಸುವ ಉಚಿತ ಆ್ಯಪ್‌ಗಳನ್ನು ನಂಬಬೇಡಿ. ಉಪಗ್ರಹದ ಸಂಕೇತ ಸಿಗುವ ಮೊದಲೇ ಹಳೆಯ ಸ್ಥಳವನ್ನು ಒತ್ತಿಬಿಡುವಂಥವು ಅವುಗಳಲ್ಲಿವೆ. ಕಡಲಿನ ಮಧ್ಯೆ ತೆಗೆದ ಫೋಟೊದ ಮೇಲೆ ಬಂದರಿನ ವಿಳಾಸವಿದ್ದರೆ ಇಡೀ ಪತ್ರವೇ ಅನುಮಾನಕ್ಕೆ ಗುರಿಯಾಗುತ್ತದೆ. ದೋಣಿಯ ಜಿಪಿಎಸ್ಸೇ ಒಳ್ಳೆಯದು. ಅದಿಲ್ಲದ ನಾಡದೋಣಿಯವರು, ಜಿಪಿಎಸ್ ಇರುವವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ ಗುರುತು ಹಾಕಿಸಿಕೊಳ್ಳಲಿ.

ಒಂದೇ ಬಿಂದು ಕೊಡಬೇಡಿ, ನಾಲ್ಕು ಮೂಲೆಗಳನ್ನು ಕೊಡಿ. ಬಲೆ ಬೀಸುವ ಗುಟ್ಟಿನ ಜಾಗ ಬಯಲಾದೀತು ಎಂಬ ಹಿಂಜರಿಕೆ ಸಹಜ. ಅದಕ್ಕಾಗಿ ನೀರೊಳಗಿನ ಬಂಡೆಯನ್ನೇ ತೋರಿಸಬೇಕಿಲ್ಲ. ಅದನ್ನು ಒಳಗೊಂಡ, ಒಂದು ನಾಟಿಕಲ್ ಮೈಲು ಉದ್ದಗಲದ ಚೌಕ ಸಾಕು. ಆದರೆ ಇಡೀ ಕಡಲೇ ನಮ್ಮದೆಂದು ಗೆರೆ ಎಳೆಯುವುದು ಮಾತ್ರ ಬೇಡ. ಎಲ್ಲ ಕಡೆಯೂ ಬೇಕು ಎಂದವರಿಗೆ ಎಲ್ಲಿ ನಿಜವಾಗಿ ಬೇಕು ಎಂಬುದು ಅಧಿಕಾರಿಗೆ ತಿಳಿಯುವುದೇ ಇಲ್ಲ.

ಪ್ರತಿ ಚೌಕದ ಪಕ್ಕದಲ್ಲಿ ಬಲೆ, ತಿಂಗಳು, ಆಳ, ಮೀನು ಇವಿಷ್ಟನ್ನು ಬರೆಯಿರಿ. ‘ಕೈರಂಪಣಿ, ಸೆಪ್ಟೆಂಬರ್‌ನಿಂದ ಡಿಸೆಂಬರ್, ದಡದ ಅಂಚು, ಬೂತಾಯಿ, ಬಂಗುಡೆ’ ಎಂಬ ಒಂದು ಸಾಲು (ಕೈರಂಪಣಿ ಎಂದರೆ ದಡದಿಂದ ಕೈಯಲ್ಲಿ ಎಳೆಯುವ ಬಲೆ) ಹತ್ತು ಪುಟದ ಭಾಷಣಕ್ಕಿಂತ ಮೇಲು. ತಿಂಗಳು ಬರೆಯುವಾಗ ಮಳೆಗಾಲವನ್ನು ಪ್ರತ್ಯೇಕವಾಗಿ ತೋರಿಸಿ. ಕರ್ನಾಟಕದಲ್ಲಿ ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುತ್ತದೆ, ಆಗ ದಡದ ಹತ್ತಿರ ದುಡಿಯುವವರು ನಾಡದೋಣಿಯವರು. ವನ್ಯಜೀವಿಧಾಮದ ಗೆರೆಯೂ ದಡದ ಹತ್ತಿರವೇ ಬೀಳುತ್ತದೆ. ಯಂತ್ರದ ಬಲದಿಂದ ದೊಡ್ಡ ಬಲೆ ಎಳೆಯುವ ಟ್ರಾಲ್ ದೋಣಿಯವರು ಮುಂದೆ ನಿಂತು ಬರೆಸಿದ ಪತ್ರದಲ್ಲಿ ಈ ಎರಡು ತಿಂಗಳು ಕಾಣೆಯಾಗುತ್ತವೆ.

ದೋಣಿಯೇ ಇಲ್ಲದವರನ್ನು ಬಿಡಲೇಬೇಡಿ. ತಮಿಳುನಾಡಿನ ಮನ್ನಾರ್ ಕೊಲ್ಲಿಯಲ್ಲಿ 21 ದ್ವೀಪಗಳನ್ನು ಸೇರಿಸಿ 1986ರಲ್ಲಿ ಸಾಗರ ರಾಷ್ಟ್ರೀಯ ಉದ್ಯಾನ ಮಾಡಲಾಯಿತು. ಆ ದ್ವೀಪಗಳ ಸುತ್ತ ಮುಳುಗಿ ಕಡಲಪಾಚಿ ತೆಗೆಯುತ್ತಿದ್ದ ಹೆಂಗಸರ ದುಡಿಮೆಗೆ ಅದರಿಂದ ಪೆಟ್ಟುಬಿತ್ತು. ನಮ್ಮ ಅಳಿವೆಗಳಲ್ಲಿ ಇಳಿತದ ಹೊತ್ತಿಗೆ ಚಿಪ್ಪು ಆರಿಸುವ ಹೆಂಗಸರ ಹೆಸರು ಯಾವ ಸಂಘದ ಪುಸ್ತಕದಲ್ಲೂ ಇರಲಿಕ್ಕಿಲ್ಲ. ಅವರನ್ನು ಕೂರಿಸಿಕೊಂಡು, ಅವರು ಇಳಿಯುವ ಜಾಗವನ್ನು ಅವರಿಂದಲೇ ಕೇಳಿ ನಕ್ಷೆಯಲ್ಲಿ ಗುರುತಿಸಿ. ಈ ಕೆಲಸ ಮಾಡದ ಅಹವಾಲು ಊರಿನ ಅಹವಾಲಲ್ಲ.

4. ಏನು ಬೇಕು ಎಂದು ಕೇಳುವುದು

‘ಬೇಡ’ ಎಂಬುದು ಬೇಡಿಕೆಯಲ್ಲ. ಈ ಬಿಂದುವಿನಿಂದ ಆ ಬಿಂದುವಿನವರೆಗೆ ಗಡಿ ಪಶ್ಚಿಮಕ್ಕೆ ಸರಿಯಲಿ, ಈ ಚೌಕದಲ್ಲಿ ಕೈರಂಪಣಿಗೆ ಅವಕಾಶವಿರಲಿ, ಟ್ರಾಲಿಂಗ್ ಬೇಡ, ಎಂದು ಬರೆಯಿರಿ. ಪ್ರಾದೇಶಿಕ ಜಲಪ್ರದೇಶದ ಮೂಲಕ ದೋಣಿಗಳ ನಿರುಪದ್ರವಿ ಸಂಚಾರದ ಹಕ್ಕಿಗೆ ಅಧಿಸೂಚನೆಯಿಂದ ಧಕ್ಕೆಯಿಲ್ಲ ಎಂದು 26ಎ ಕಲಮೇ ಹೇಳುತ್ತದೆ. ಆದರೂ ಬಂದರಿಗೆ ಹೋಗಿಬರುವ ದಾರಿಯನ್ನು ನಕ್ಷೆಯಲ್ಲಿ ಎಳೆದು, ಬಲೆ ಒಳಗಿಟ್ಟುಕೊಂಡು ಹೋಗುವ ದೋಣಿಯನ್ನು ತಡೆಯಬಾರದು ಎಂದು ಸ್ಪಷ್ಟವಾಗಿ ಕೇಳಿ. ಆಮೆ ಮೊಟ್ಟೆಯಿಡುವ ಮರಳದಂಡೆಯನ್ನೋ ಮೀನು ಮರಿಮಾಡುವ ಜಾಗವನ್ನೋ ಕಾಯಬೇಕು ಎಂದು ನಿಮಗೂ ಅನ್ನಿಸಿದ್ದರೆ ಅದನ್ನೂ ಬರೆಯಿರಿ. ಕಡಲು ಬರಿದಾದರೆ ಮೊದಲು ಹಸಿಯುವವರು ನಾವೇ ಎಂಬುದನ್ನು ಹೇಳಲು ಸಂಕೋಚವೇಕೆ?

5. ದಾಖಲೆ, ಸಹಿ, ಸ್ವೀಕೃತಿ

ದೋಣಿಯ ನೋಂದಣಿ ಪತ್ರ, ಪರವಾನಗಿ, ಡೀಸೆಲ್ ಪಾಸ್‌ಬುಕ್, ಸಹಕಾರ ಸಂಘಕ್ಕೆ ಮೀನು ಕೊಟ್ಟ ರಸೀದಿಗಳ ನಕಲು ಲಗತ್ತಿಸಿ. ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುವ ಸಿದ್ಧ ಪತ್ರಕ್ಕೆ ಹೆಸರು ತುಂಬಿ ಕಳಿಸುವ ಅಡ್ಡದಾರಿ ಬೇಡ. ನೂರು ಪತ್ರಗಳ ಒಕ್ಕಣೆ ಒಂದೇ ಆಗಿದ್ದರೆ ಅವನ್ನು ಒಂದೇ ಪತ್ರವೆಂದು ಎಣಿಸುವ ಅಪಾಯವಿದೆ. ಬಾಲ್‌ಪೆನ್ನಿನಲ್ಲೇ ಬರೆಯಿರಿ, ಜೆಲ್ ಪೆನ್ನಿನ ಶಾಯಿ ಒದ್ದೆ ಕೈ ತಾಗಿದರೆ ಹರಡುತ್ತದೆ.

ಸಾಧ್ಯವಾದರೆ ಕಚೇರಿಗೆ ಖುದ್ದಾಗಿ ಹೋಗಿ ಕೊಡಿ. ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ, ಸ್ವೀಕೃತಿ ಸಂಖ್ಯೆ ಮೂರೂ ಬೀಳುವವರೆಗೆ ಅಲ್ಲಿಂದ ಕದಲಬೇಡಿ. ಮೀನುಗಾರಿಕೆ ಇಲಾಖೆಗೂ ಒಂದು ಪ್ರತಿ ಹೋಗಲಿ. ವಿಚಾರಣೆಗೆ ಕರೆದರೆ ಅದೇ ನಕ್ಷೆಯನ್ನು ಗೋಡೆಗೆ ಹಚ್ಚುವಷ್ಟು ದೊಡ್ಡದಾಗಿ ಮಾಡಿಸಿ ಒಯ್ಯಿರಿ. ಪ್ರತಿ ಚೌಕದ ಬಗ್ಗೆ ಅಲ್ಲಿ ದುಡಿಯುವವರೇ ಮಾತನಾಡಲಿ. ಹೇಳಿದ್ದು ನಡಾವಳಿಯಲ್ಲಿ ದಾಖಲಾಯಿತೇ ಎಂದು ಕೇಳಿ, ಅದರ ಪ್ರತಿಗೆ ಅಂದೇ ಅರ್ಜಿ ಕೊಟ್ಟು ಹಿಂದಿರುಗಿ.