ನರ್ಸಿಂಗ್ ಡಿಗ್ರಿ ಸೀಟು ಸಿಗಲಿಲ್ಲ, ವಾರ್ಡು ನೋಡಿ ಕಾಲೇಜು ಆರಿಸಿಕೊಂಡೆ

ನಮ್ಮದು ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನಲ್ಲಿ ಕಾಡಿಗೆ ಅಂಟಿಕೊಂಡ ಊರು. ಚಳಿಗಾಲ ಶುರುವಾದರೆ ಆರೋಗ್ಯ ಇಲಾಖೆಯ ಸಬ್ ಸೆಂಟರ್‌ನ ಸಿಸ್ಟರ್ ಎಣ್ಣೆ ಬಾಟಲಿ ಹಿಡಿದು ಮನೆಮನೆಗೆ ಬರುತ್ತಿದ್ದರು. ಸೊಪ್ಪಿಗೆ ಹೋಗುವ ಮುಂಚೆ ಕೈಕಾಲಿಗೆ ಹಚ್ಚಿಕೊಳ್ಳಿ, ಉಣುಗು ಕಚ್ಚಬಾರದು ಅನ್ನುತ್ತಿದ್ದರು. ಉಣುಗಿನಿಂದ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ನಮ್ಮದೇ ಜಿಲ್ಲೆಯಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಹತ್ತಿರ. ನಮ್ಮ ಕಡೆ ಜ್ವರ ಅಂದರೆ ಮೊದಲು ಅದೇ ನೆನಪಾಗುತ್ತದೆ. ಆ ಸಿಸ್ಟರ್ ಅಂಗಳಕ್ಕೆ ಬಂದರೆ ಅಜ್ಜಿಯ ಮುಖ ಸಡಿಲವಾಗುತ್ತಿತ್ತು. ನಾನೂ ಹೀಗೇ ಆಗಬೇಕು ಅಂತ ಆಗಲೇ ಅನಿಸಿತ್ತು.

2016ರಲ್ಲಿ ಪಿಯುಸಿ ಸೈನ್ಸ್ ಮುಗಿಸಿದೆ. ಬಿಎಸ್ಸಿ ನರ್ಸಿಂಗ್‌ಗೆ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಓದಿರಬೇಕು, ಅದು ಇತ್ತು. ಅರ್ಜಿ ಹಾಕಲು ಬೇಕಾದಷ್ಟು ಮಾರ್ಕ್ಸೂ ಇತ್ತು. ಆದರೆ ಸರ್ಕಾರಿ ಸೀಟಿಗೆ ಅಷ್ಟು ಸಾಲಲಿಲ್ಲ. ಖಾಸಗಿ ಕಾಲೇಜಿನ ಮ್ಯಾನೇಜ್‌ಮೆಂಟ್ ಸೀಟು ಎರಡು ಎಕರೆ ಅಡಿಕೆ ತೋಟದವರ ಕೈಗೆ ಸಿಗುವಂಥದ್ದಲ್ಲ.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಇನ್ನೊಂದು ವರ್ಷ ಓದಿ ಮತ್ತೆ ಪ್ರಯತ್ನ ಮಾಡು ಅಂದರು ದೊಡ್ಡಪ್ಪ. ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಬಿಎಸ್ಸಿಗೆ ಸೇರಲಿ ಅಂದರು ಸೋದರಮಾವ. ಇದರ ಮಧ್ಯೆ ಒಬ್ಬ ಏಜೆಂಟು ಮನೆಗೇ ಬಂದ. ಬೆಂಗಳೂರಿನಲ್ಲಿ ಡಿಗ್ರಿ ಸೀಟೇ ಕೊಡಿಸುತ್ತೇನೆ, ಹಾಸ್ಟೆಲ್ಲೂ ಅಲ್ಲೇ ಅಂದ. ಅಪ್ಪ ಹತ್ತು ಸಾವಿರ ಮುಂಗಡ ಕೊಟ್ಟರು. ಮಗಳು ಬಿಎಸ್ಸಿ ನರ್ಸಿಂಗ್ ಅನ್ನುವ ಆಸೆ ನನಗಿಂತ ಅವರಿಗೇ ಜಾಸ್ತಿ ಇತ್ತು.

ಸೇರುವ ಮುಂಚೆ ಒಮ್ಮೆ ನೋಡಿ ಬರೋಣ ಅಂತ ಇಬ್ಬರೂ ರಾತ್ರಿ ಬಸ್ಸಿಗೆ ಹೋದೆವು. ನಾಲ್ಕು ಮಹಡಿಯ ಕಟ್ಟಡ. ಆಫೀಸಿನಲ್ಲಿ ಮಾರ್ಕ್ಸ್ ಕಾರ್ಡಿನ ಒರಿಜಿನಲ್ ಇವತ್ತೇ ಕೊಡಿ ಅಂದರು. ಅಪ್ಪ ಒಳಗೆ ಮಾತಾಡುತ್ತಿದ್ದಾಗ ನಾನು ಮೆಟ್ಟಿಲ ಹತ್ತಿರ ನಿಂತಿದ್ದ ಹುಡುಗಿಯನ್ನು ಕೇಳಿದೆ, "ಅಕ್ಕ, ನಿಮ್ಮ ಆಸ್ಪತ್ರೆ ಎಲ್ಲಿ?"

"ಆಸ್ಪತ್ರೆ ಇಲ್ಲ ಕಣೇ. ಬಸ್ಸಿನಲ್ಲಿ ಎರಡು ಗಂಟೆ ಹೋಗಬೇಕು. ಅಲ್ಲಿ ಹಿಂದೆ ನಿಂತು ನೋಡ್ತೀವಿ ಅಷ್ಟೇ."

ಅವಳು ಎರಡನೇ ವರ್ಷದಲ್ಲಿದ್ದಳು. ಸ್ವಂತ ಕೈಯಲ್ಲಿ ಎಷ್ಟು ಇಂಜೆಕ್ಷನ್ ಕೊಟ್ಟಿದ್ದೀರಿ ಅಂತ ಕೇಳಿದೆ. ಬೆರಳಲ್ಲೇ ಎಣಿಸಿದಳು. ಕಾರ್ಡುಗಳನ್ನು ವಾಪಸ್ ಚೀಲಕ್ಕೆ ಹಾಕಿಕೊಂಡು ಬಂದುಬಿಟ್ಟೆವು. ಹತ್ತು ಸಾವಿರ ಮತ್ತೆ ಸಿಗಲಿಲ್ಲ. ಅಪ್ಪ ಶಿವಮೊಗ್ಗ ಬರುವತನಕ ಮಾತೇ ಆಡಲಿಲ್ಲ.

ಊರಿಗೆ ಬಂದ ಮೇಲೆ ಎಣ್ಣೆ ತರುತ್ತಿದ್ದ ಆ ಸಿಸ್ಟರ್ ಮನೆಗೇ ಹೋದೆ. ಅವರು ಎಎನ್‌ಎಂ ಮಾಡಿದವರು. ಅದು ಸಹಾಯಕ ನರ್ಸ್ ಮತ್ತು ಸೂಲಗಿತ್ತಿ ಕೆಲಸದ ಎರಡು ವರ್ಷದ ಕೋರ್ಸು, ಹಳ್ಳಿ ಕೆಲಸಕ್ಕೆ ಒಳ್ಳೆಯದು, ಆದರೆ ವಾರ್ಡಿನ ಕೆಲಸ ಬೇಕಾದರೆ ಜಿಎನ್‌ಎಂ ಮಾಡು ಅಂದರು. ಜಿಎನ್‌ಎಂ ಅಂದರೆ ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ ಡಿಪ್ಲೊಮಾ, ಮೂರು ವರ್ಷ. ಪಿಯುಸಿಯಲ್ಲಿ ಆರ್ಟ್ಸ್, ಕಾಮರ್ಸ್ ಓದಿದವರೂ ಸೇರಬಹುದು. ಅದಾದ ಮೇಲೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಿದರೆ ಡಿಗ್ರಿಯೂ ಆಗುತ್ತದೆ. ಇದನ್ನು ಅದುವರೆಗೆ ನನಗೆ ಯಾರೂ ಹೇಳಿರಲಿಲ್ಲ. ಸೀಟು ತಪ್ಪಿದರೆ ಎಲ್ಲಾ ಮುಗಿಯಿತು ಅಂದುಕೊಂಡಿದ್ದೆ.

ಆಮೇಲೆ ಶಿವಮೊಗ್ಗದಲ್ಲಿ ಮೂರು ಕಾಲೇಜಿಗೆ ಹೋಗಿ ಒಂದೇ ರೀತಿ ಕೇಳಿದೆ. ಸ್ವಂತ ಆಸ್ಪತ್ರೆ ಇದೆಯಾ? ಎಷ್ಟು ಬೆಡ್? ಅದರಲ್ಲಿ ಇವತ್ತು ಎಷ್ಟರಲ್ಲಿ ಪೇಷೆಂಟ್ ಇದ್ದಾರೆ? ಹೆರಿಗೆ ಎಲ್ಲಿ ಕಲಿಸುತ್ತೀರಿ? ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನ ಮಾನ್ಯತೆ ಪತ್ರ ತೋರಿಸುತ್ತೀರಾ? ಈ ಕೊನೆಯದನ್ನು ಕೇಳಲು ಸಂಕೋಚ ಪಡಲೇಬೇಡಿ. ಕೋರ್ಸು ಮುಗಿದ ಮೇಲೆ ಪರಿಷತ್ತಿನಲ್ಲಿ ನೋಂದಣಿ ಆಗದಿದ್ದರೆ ನೀವು ನರ್ಸ್ ಅಲ್ಲವೇ ಅಲ್ಲ. ಎರಡು ಕಡೆ ಮುಖ ಗಂಟಿಕ್ಕಿದರು. ಮೂರನೆಯವರು ಪತ್ರವನ್ನೂ ತೋರಿಸಿದರು, ವಾರ್ಡಿಗೂ ಕರೆದುಕೊಂಡು ಹೋದರು. ಅಲ್ಲೇ ಸೇರಿದೆ.

ಆ ಆಯ್ಕೆ ಸರಿ ಅಂತ ಗೊತ್ತಾದದ್ದು ಮೂರನೇ ವರ್ಷದಲ್ಲಿ. 2018ರ ಕೊನೆಗೆ ಸಾಗರ ತಾಲ್ಲೂಕಿನ ಅರಳಗೋಡು ಕಡೆ ಮಂಗನ ಕಾಯಿಲೆ ಹಬ್ಬಿತು. ನಮ್ಮ ವಾರ್ಡಿಗೂ ಜ್ವರದವರು ಬರತೊಡಗಿದರು. ಆ ವೈರಸ್ಸನ್ನೇ ಕೊಲ್ಲುವ ಔಷಧಿ ಇಲ್ಲ. ಡ್ರಿಪ್, ಜ್ವರದ ಮಾತ್ರೆ, ಮತ್ತೆ ಕಣ್ಣಿಟ್ಟು ನೋಡಿಕೊಳ್ಳುವುದು. ತೋಟದ ಕೆಲಸ ಮಾಡುವ ಒಬ್ಬ ಅಮ್ಮ ಇದ್ದರು. ಅಡಿಕೆ ಸುಲಿದು ಕಪ್ಪಾದ ಬೆರಳು, ನರವೇ ಸಿಗುತ್ತಿರಲಿಲ್ಲ. ಮೂರನೇ ಸಲಕ್ಕೆ ಮುಂಗೈ ಪಕ್ಕದಲ್ಲಿ ಡ್ರಿಪ್ ಹಾಕುವ ಕ್ಯಾನುಲಾ ಕೂತಿತು. ಜ್ವರ, ಬಿಪಿ ಎಷ್ಟಿದೆ, ಎಷ್ಟು ನೀರು ಒಳಗೆ ಹೋಯಿತು, ಎಷ್ಟು ಮೂತ್ರ ಹೋಯಿತು ಅಂತ ರಾತ್ರಿಯಿಡೀ ಚಾರ್ಟ್ ಬರೆದೆ. ಬೆಳಗಿನ ಜಾವ ವಸಡಿನ ಹತ್ತಿರ ಸಣ್ಣಗೆ ರಕ್ತ ಕಂಡಿತು. ಈ ಕಾಯಿಲೆಯಲ್ಲಿ ಅದು ಅಪಾಯದ ಸೂಚನೆ. ಓಡಿಹೋಗಿ ಡಾಕ್ಟರನ್ನು ಎಬ್ಬಿಸಿದೆ. ಹತ್ತು ದಿನಕ್ಕೆ ಅವರು ನಡೆದುಕೊಂಡೇ ಮನೆಗೆ ಹೋದರು. ಹಿಂದೆ ನಿಂತು ನೋಡಿ ಕಲಿತಿದ್ದರೆ ಆ ರಕ್ತ ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ.

ಜಿಎನ್‌ಎಂನಲ್ಲಿ ಕಷ್ಟ ಇಲ್ಲ ಅಂತಲ್ಲ. ನಾನು ಕೋರ್ಸು ಮುಗಿಸುವ ಹೊತ್ತಿಗೆ ಜಿಎನ್‌ಎಂ ನಿಲ್ಲಿಸಿಬಿಡುತ್ತಾರಂತೆ ಅನ್ನುವ ಸುದ್ದಿ ಇತ್ತು. ನಿಲ್ಲಲಿಲ್ಲ, ಆದರೆ ಆ ಭಯದಲ್ಲಿ ನಿದ್ದೆಗೆಟ್ಟದ್ದು ನಿಜ. ಏಮ್ಸ್ ನರ್ಸಿಂಗ್ ಆಫೀಸರ್ ಪರೀಕ್ಷೆಗೆ ಬಿಎಸ್ಸಿಯವರು ನೇರವಾಗಿ ಕೂರಬಹುದು. ಜಿಎನ್‌ಎಂನವರಿಗೆ 50 ಬೆಡ್‌ನ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವ ಬೇಕು. ನಾನು 2019ರಿಂದ ಎರಡು ವರ್ಷ ಖಾಸಗಿ ಆಸ್ಪತ್ರೆಯಲ್ಲಿ ಕೆಲಸ ಮಾಡಿದೆ. ಕೊರೋನಾ ಅಲ್ಲೇ ಕಳೆಯಿತು. ಆ ದುಡ್ಡಿನಲ್ಲಿ ಪೋಸ್ಟ್ ಬೇಸಿಕ್ ಬಿಎಸ್ಸಿ ಓದಿ 2023ರಲ್ಲಿ ಮುಗಿಸಿದೆ. ಲೆಕ್ಕ ಹಾಕಿದರೆ ಡಿಗ್ರಿಗೆ ನಾಲ್ಕರ ಬದಲು ಏಳು ವರ್ಷ ಹಿಡಿಯಿತು. ಅಪ್ಪನ ತೋಟದ ಮೇಲೆ ಸಾಲ ಬೀಳಲಿಲ್ಲ. ಈಗ ಸಾಗರದ ಕಡೆ ಒಂದು ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ. ಚಳಿಗಾಲದಲ್ಲಿ ಎಣ್ಣೆ ಬಾಟಲಿ ಹಿಡಿದು ನಾನೇ ಹೋಗುತ್ತೇನೆ.

ಒಂದು ವರ್ಷ ಬಿಟ್ಟು ಮತ್ತೆ ಬರೆಯುವವರನ್ನು ತಪ್ಪು ಅನ್ನುವುದಿಲ್ಲ. ಕೆಲವೇ ಮಾರ್ಕ್ಸಿಗೆ ಸೀಟು ತಪ್ಪಿದ್ದರೆ, ಮನೆಯಲ್ಲಿ ಓದುವ ವಾತಾವರಣ ಇದ್ದರೆ ಅದೂ ಒಳ್ಳೆಯ ದಾರಿಯೇ. ನಮ್ಮ ಮನೆಯಲ್ಲಿ ಕೊಯ್ಲು ಬಂದರೆ ಪುಸ್ತಕ ಮುಟ್ಟುವುದಕ್ಕೆ ಆಗುತ್ತಿರಲಿಲ್ಲ.

ಈಗ ನಿಯಮ ಬೇರೆ. 2023ರಿಂದ ಬಿಎಸ್ಸಿ ನರ್ಸಿಂಗ್ ಕೂಡ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ಸಿಇಟಿಗೆ ಬಂದಿದೆ. ಹೋದ ವರ್ಷ ಚಿಕ್ಕಪ್ಪನ ಮಗಳು ಐದೇ ಕಾಲೇಜಿನ ಹೆಸರು ಹಾಕಿ ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜುಗಳ ಪಟ್ಟಿ ಕೊಡುವುದನ್ನು, ಮುಗಿಸಿದ್ದಳು. ಪಕ್ಕದಲ್ಲಿ ಕೂರಿಸಿಕೊಂಡು, ಹೋಗಲು ಒಪ್ಪುವ ಎಲ್ಲಾ ಕಾಲೇಜುಗಳನ್ನೂ ಇಷ್ಟದ ಕ್ರಮದಲ್ಲಿ ಹಾಕಿಸಿದೆ. ಸೀಟು ಬಂದಾಗ ಅದು ಅವಳ ಮೊದಲ ಇಷ್ಟದ್ದಲ್ಲ. ಬೇಜಾರಿನಲ್ಲಿ, ಈ ಸೀಟು ಬೇಡ, ಮುಂದಿನ ಸುತ್ತಿಗೆ ಹೋಗುತ್ತೇನೆ ಅನ್ನುವ ಚಾಯ್ಸ್ 3 ಒತ್ತುವುದರಲ್ಲಿದ್ದಳು. ಹಾಗೆ ಮಾಡಿದರೆ ಕೈಯಲ್ಲಿದ್ದ ಸೀಟೇ ಹೋಗುತ್ತದೆ. ಅದನ್ನು ಇಟ್ಟುಕೊಂಡೇ ಮೇಲಿನದಕ್ಕೆ ಕಾಯಲು ಚಾಯ್ಸ್ 2 ಇದೆಯಲ್ವಾ!

ಇನ್ನೊಂದು ಮಾತು. ಹಳ್ಳಿ ಶಾಲೆಯಲ್ಲಿ, ಕನ್ನಡ ಮಾಧ್ಯಮದಲ್ಲಿ ಒಂದರಿಂದ ಹತ್ತರವರೆಗೆ ಓದಿದ ಮಕ್ಕಳು ಮೀಸಲಾತಿಗೆ ಬೇಕಾಗುವ ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಸಹಿ ಮೊದಲೇ ಮಾಡಿಸಿಟ್ಟುಕೊಳ್ಳಿ. ಮಳೆ ಹಿಡಿದ ಮೇಲೆ ನಮ್ಮ ಕಡೆಯಿಂದ ಬಿಇಒ ಕಚೇರಿಗೆ ಎರಡು ಸಲ ಓಡಾಡುವುದು ಸುಲಭ ಅಲ್ಲ. ಏಪ್ರಿಲ್‌ನಲ್ಲೇ ಹೋಗಿ ಬನ್ನಿ.