ಮೊದಲ ಹಣ ಪೆನ್ನಿಗೆ: ಕಡಿಮೆ ಖರ್ಚಿನಲ್ಲಿ ಡಿಜಿಟಲ್ ಚಿತ್ರಕಲೆ

ಗವಿಮಠದ ತೇರು, ಅಂಜನಾದ್ರಿ ಬೆಟ್ಟ, ತುಂಗಭದ್ರೆಯ ದಂಡೆ. ಕೊಪ್ಪಳದ ಹುಡುಗ ಹುಡುಗಿಯರು ಇವನ್ನೆಲ್ಲ ಮೊಬೈಲಿನಲ್ಲಿ ಬೆರಳಿನಿಂದಲೇ ಬಿಡಿಸುತ್ತಾರೆ, ಬಹಳ ಚೆನ್ನಾಗಿ ಬಿಡಿಸುತ್ತಾರೆ. ಮಾತು ಮುಂದುವರಿದರೆ ಮಾತ್ರ ಹೆಚ್ಚಿನವರದು ಒಂದೇ ರಾಗ: ಐಪ್ಯಾಡ್ ಕೊಳ್ಳುವ ತನಕ ಇಷ್ಟೇ. ಈ ನಂಬಿಕೆಯಿಂದ ಎಷ್ಟೋ ಒಳ್ಳೆಯ ಕೈಗಳು ಕಟ್ಟಿ ಕುಳಿತಿವೆ. ಹವ್ಯಾಸಕ್ಕೆ ಐದು ಸಾವಿರ ರೂಪಾಯಿಯ ಆಸುಪಾಸಿನ ಒಂದು ಪೆನ್ ಟ್ಯಾಬ್ಲೆಟ್ (ಕಂಪ್ಯೂಟರಿಗೆ ಜೋಡಿಸಿ ಪೆನ್ನಿನಿಂದ ಬರೆಯುವ ಹಲಗೆ) ಮತ್ತು ಮನೆಯಲ್ಲಿರುವ ಕಂಪ್ಯೂಟರ್ ಸಾಕು. ಖರ್ಚಿನ ಕ್ರಮ ತಪ್ಪಬಾರದು, ಅಷ್ಟೇ: ಮೊದಲು ಪೆನ್, ಆಮೇಲೆ ಕಂಪ್ಯೂಟರಿನ ಮೆಮೊರಿ. ತಂತ್ರಾಂಶಕ್ಕೆ ಏನೂ ಬೇಡ.

ಪೆನ್ ಆರಿಸುವುದು

ರಬ್ಬರ್ ತುದಿಯ ಅಗ್ಗದ ಮೊಬೈಲ್ ಪೆನ್ನುಗಳನ್ನು ಕೊಳ್ಳಬೇಡಿ. ನೀವು ಒತ್ತಿ ಬರೆದಿರೋ ತೇಲಿಸಿ ಬರೆದಿರೋ ಅವಕ್ಕೆ ತಿಳಿಯುವುದಿಲ್ಲ. ಬೆರಳಿಗಿಂತ ಹೆಚ್ಚಿನದೇನನ್ನೂ ಅವು ಕೊಡುವುದಿಲ್ಲ. ಬೇಕಾದದ್ದು ಒತ್ತಡವನ್ನು ಗುರುತಿಸಿ ಗೆರೆಯನ್ನು ದಪ್ಪ ತೆಳು ಮಾಡುವ ಪೆನ್ ಟ್ಯಾಬ್ಲೆಟ್. ಪರದೆ ಇರುವ ಮಾದರಿಗೆ ಬೆಲೆ ಹಲವು ಪಟ್ಟು, ಆರಂಭಕ್ಕೆ ಅದು ಬೇಡ. ಪರದೆ ಇಲ್ಲದ ಕಪ್ಪು ಹಲಗೆಯೇ ಸಾಕು.

ಎರಡು ಮಾದರಿಗಳನ್ನು ನೋಡಿ. ವಾಕಾಮ್ ಸಿಟಿಎಲ್-472ರಲ್ಲಿ ಬರೆಯುವ ಜಾಗ ಸುಮಾರು 6×3.7 ಇಂಚು, ಒತ್ತಡದ ಹಂತಗಳು 2048. ಹ್ಯೂಯಾನ್ ಎಚ್‌ಎಸ್64ರಲ್ಲಿ ಜಾಗ 6.3×4 ಇಂಚು, ಹಂತಗಳು 8192. ಒಟಿಜಿ ಎಂಬ ಜೋಡಣೆಯ ಕೊಂಡಿಯ ಮೂಲಕ ಹಲವು ಆಂಡ್ರಾಯ್ಡ್ ಫೋನುಗಳಿಗೂ ಇದನ್ನು ಜೋಡಿಸಬಹುದು. ಹಂತಗಳ ಸಂಖ್ಯೆಗೆ ಮರುಳಾಗಬೇಡಿ. 2048ಕ್ಕೂ 8192ಕ್ಕೂ ಇರುವ ವ್ಯತ್ಯಾಸ ಹವ್ಯಾಸಿಯ ಕೈಗೆ ಗೊತ್ತಾಗುವುದು ಕಷ್ಟ. ಪೆನ್ನಿಗೆ ಬ್ಯಾಟರಿ ಬೇಕೇ, ಬದಲಿ ನಿಬ್ ಸಿಗುತ್ತದೆಯೇ ಎಂದು ವಿಚಾರಿಸುವುದು ಅದಕ್ಕಿಂತ ಮುಖ್ಯ. ನಮ್ಮ ಕಡೆಯ ಧೂಳಿನಲ್ಲಿ ನಿಬ್ ಬೇಗ ಸವೆಯುತ್ತದೆ, ಹಲಗೆಯ ಮೇಲೆ ಗೀರು ಬೀಳುತ್ತದೆ. ಕೂರುವ ಮುನ್ನ ಒಣ ಬಟ್ಟೆಯಿಂದ ಒಮ್ಮೆ ಒರೆಸಿಕೊಳ್ಳಿ.

ಕಂಪ್ಯೂಟರ್ ಮತ್ತು ತಂತ್ರಾಂಶ

ಹಳೆಯ ಲ್ಯಾಪ್‌ಟಾಪ್ ಇದ್ದರೆ ಹೊಸದು ಬೇಡ. ಸಾಧ್ಯವಾದರೆ 8 ಜಿಬಿ ರ‍್ಯಾಮ್ ಮತ್ತು ಎಸ್‌ಎಸ್‌ಡಿ (ಮೆಮೊರಿ ಮತ್ತು ವೇಗದ ಶೇಖರಣಾ ಡಿಸ್ಕ್) ಹಾಕಿಸಿ. ಲೆಕ್ಕ ನೋಡಿ: ಎ4 ಹಾಳೆ 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) 2480×3508 ಪಿಕ್ಸೆಲ್, ಅಂದರೆ ಬಣ್ಣ ತುಂಬಿದ ಒಂದು ಲೇಯರ್ (ಒಂದರ ಮೇಲೊಂದು ಇಡುವ ಚಿತ್ರದ ಪದರ) ಸುಮಾರು 35 ಎಂಬಿ ಮೆಮೊರಿ ತಿನ್ನುತ್ತದೆ. ಇಪ್ಪತ್ತು ಲೇಯರ್ ಆದರೆ 700 ಎಂಬಿ. 4 ಜಿಬಿ ಇರುವವರು 150 ಡಿಪಿಐನಲ್ಲಿ ಕಲಿಯಲಿ. ಮೆಮೊರಿಯ ಹೊರೆ ಕಾಲು ಭಾಗಕ್ಕೆ ಇಳಿಯುತ್ತದೆ.

ಚಿತ್ರ ಬರೆಯಲು ಕ್ರಿಟಾ, ಅಕ್ಷರ ಮತ್ತು ಲೋಗೋಗಳಿಗೆ ಇಂಕ್‌ಸ್ಕೇಪ್, ಫೋಟೊ ತಿದ್ದಲು ಗಿಂಪ್. ಮೂರೂ ಮುಕ್ತ ತಂತ್ರಾಂಶಗಳು. ಮೈಕ್ರೋಸಾಫ್ಟ್ ಸ್ಟೋರಿನಲ್ಲಿ ಕ್ರಿಟಾಕ್ಕೆ ಬೆಲೆ ಹಾಕಿರುವುದನ್ನು ಕಂಡು ಗಾಬರಿಯಾಗಬೇಡಿ. ಅಭಿವೃದ್ಧಿಗೆ ನೆರವಾಗಲು ಇಟ್ಟ ಬೆಲೆ ಅದು. ಕ್ರಿಟಾದ ಸ್ವಂತ ಜಾಲತಾಣದಲ್ಲಿ ಅದೇ ತಂತ್ರಾಂಶ ಉಚಿತ. ಇಷ್ಟು ಒಳ್ಳೆಯದು ಕಾಸಿಲ್ಲದೆ ಸಿಗುವಾಗ ಪೆನ್‌ಡ್ರೈವ್‌ನಲ್ಲಿ ಕೈಯಿಂದ ಕೈಗೆ ಬರುವ ಕದ್ದ ಪ್ರತಿಗಳನ್ನು ಹಾಕಿ ವೈರಸ್ಸನ್ನು ಮನೆಗೆ ಕರೆಯಬೇಡಿ.

ಜೋಡಣೆ

ಬೇರೆ ಟ್ಯಾಬ್ಲೆಟ್ಟಿನ ಹಳೆಯ ಡ್ರೈವರ್ (ಹಲಗೆಯನ್ನು ಕಂಪ್ಯೂಟರಿಗೆ ಪರಿಚಯಿಸುವ ತಂತ್ರಾಂಶ) ಇದ್ದರೆ ಮೊದಲು ಅದನ್ನು ತೆಗೆದುಹಾಕಿ. ಹೊಸ ಡ್ರೈವರನ್ನು ತಯಾರಕರ ತಾಣದಿಂದಲೇ ಇಳಿಸಿಕೊಂಡು ಕಂಪ್ಯೂಟರನ್ನು ಮರಳಿ ಚಾಲೂ ಮಾಡಿ. ಈಗ ಒಂದು ಪರೀಕ್ಷೆ. ಪ್ಲಾಸ್ಟಿಕ್ ಬಳೆಯೊಂದನ್ನು ಹಲಗೆಯ ಮೇಲಿಟ್ಟು ಅದರೊಳಗೆ ಪೆನ್ ತಿರುಗಿಸಿ. ಲೋಹದ ಬಳೆ ಬೇಡ, ಬ್ಯಾಟರಿ ಇಲ್ಲದ ಈ ಪೆನ್ನುಗಳು ಕಾಂತಕ್ಷೇತ್ರದಿಂದ ಕೆಲಸ ಮಾಡುತ್ತವೆ. ಪರದೆಯ ಮೇಲೆ ವೃತ್ತದ ಬದಲು ಮೊಟ್ಟೆ ಮೂಡಿದರೆ ಹಲಗೆಯ ಅಳತೆಗೂ ಪರದೆಯ ಅಳತೆಗೂ ತಾಳೆಯಾಗಿಲ್ಲ ಎಂದರ್ಥ. ಡ್ರೈವರಿನ ಸೆಟ್ಟಿಂಗ್ಸ್‌ನಲ್ಲಿ ಎರಡರ ಉದ್ದಗಲದ ಅನುಪಾತ ಒಂದೇ ಇರುವಂತೆ ಮಾಡಿ. ಇದನ್ನು ಸರಿಪಡಿಸದೆ ತಿಂಗಳುಗಟ್ಟಲೆ ಅಭ್ಯಾಸ ಮಾಡಿದವರ ಕೈ ಓರೆಯಾದ ಗೆರೆಗೆ ಒಗ್ಗಿಹೋಗುತ್ತದೆ.

ಗೆರೆ ದಪ್ಪ ತೆಳು ಆಗದಿದ್ದರೆ ಕ್ರಿಟಾದ ಟ್ಯಾಬ್ಲೆಟ್ ಸೆಟ್ಟಿಂಗ್ಸ್‌ಗೆ ಹೋಗಿ. ಅಲ್ಲಿ ವಿನ್‌ಟ್ಯಾಬ್, ವಿಂಡೋಸ್ ಇಂಕ್ ಎಂಬ ಎರಡು ಆಯ್ಕೆಗಳಿವೆ; ಒಂದರಲ್ಲಿ ಆಗದ್ದು ಸಾಮಾನ್ಯವಾಗಿ ಇನ್ನೊಂದರಲ್ಲಿ ಆಗುತ್ತದೆ. ಕರೆಂಟ್ ಹೋಗುವ ಊರುಗಳಲ್ಲಿ ತಾನಾಗಿಯೇ ಉಳಿಸುವ ಅವಧಿಯನ್ನು ಐದು ನಿಮಿಷಕ್ಕೆ ಇಳಿಸಿಡಿ. ಕೈ ಒಂದು ಕಡೆ, ಕಣ್ಣು ಇನ್ನೊಂದು ಕಡೆ ಇರುವುದು ಮೊದಲ ಕೆಲವು ದಿನ ಕಸಿವಿಸಿ ಎನಿಸುತ್ತದೆ. ಪರದೆಯನ್ನೇ ನೋಡುತ್ತ ಉದ್ದ ಗೆರೆಗಳನ್ನು ಎಳೆಯಿರಿ, ಕೈ ಹದಕ್ಕೆ ಬರುತ್ತದೆ.

ಮೊದಲ ಚಿತ್ರ: ಕಿನ್ನಾಳದ ಗೊಂಬೆ

ಕೊಪ್ಪಳ ತಾಲ್ಲೂಕಿನ ಕಿನ್ನಾಳದ ಗೊಂಬೆಗಿಂತ ಒಳ್ಳೆಯ ಪಾಠ ನನಗೆ ಕಾಣದು. ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ಈ ಕಲೆಯಲ್ಲಿ ಚಿತ್ರಗಾರರು ಹಗುರ ಮರದ ಮೇಲೆ ಹುಣಸೆ ಬೀಜದ ಅಂಟು ಬೆರೆಸಿದ ಲೇಪ ಹಚ್ಚಿ, ತಳಬಣ್ಣ ಕೊಟ್ಟು, ಆಮೇಲೆ ಗಾಢ ಬಣ್ಣ ತುಂಬುತ್ತಾರೆ. ಕಣ್ಣು ಹುಬ್ಬಿನ ಸಣ್ಣ ಗೆರೆಗಳು ಕೊನೆಗೆ. ಲೇಯರುಗಳನ್ನೂ ಇದೇ ಕ್ರಮದಲ್ಲಿ ಕೆಳಗಿನಿಂದ ಮೇಲಕ್ಕೆ ಜೋಡಿಸಿ: ಬಿಳಿ ತಳ, ಕೆಂಪು, ಹಳದಿ, ಹಸಿರು, ಎಲ್ಲಕ್ಕಿಂತ ಮೇಲೆ ಗೆರೆ. ಬಣ್ಣಕ್ಕೊಂದು ಲೇಯರ್ ಇದ್ದರೆ ಸೀರೆಯ ಕೆಂಪು ಬದಲಿಸಿದಾಗ ಮುಖಕ್ಕೆ ಧಕ್ಕೆಯಾಗುವುದಿಲ್ಲ. ಗೆರೆ ನಡುಗಿದರೆ ಬ್ರಷ್ಷಿನ ಸ್ಟೆಬಿಲೈಸರ್ ಚಾಲೂ ಮಾಡಿ. ಆದರೆ ಅದಕ್ಕೆ ಪೂರ್ತಿ ಜೋತುಬೀಳಬೇಡಿ, ಗೆರೆ ಜೀವ ಕಳೆದುಕೊಳ್ಳುತ್ತದೆ.

ಮುದ್ರಣಕ್ಕೆ ಕೊಡುವಾಗ

ಚಿತ್ರದ ಮೇಲೆ ಕನ್ನಡ ಬರೆಯಬೇಕಿದ್ದರೆ ಇಂಕ್‌ಸ್ಕೇಪಿನಲ್ಲಿ ಯುನಿಕೋಡ್ ಫಾಂಟ್ ಬಳಸಿ. ನೋಟೊ ಸೆರಿಫ್ ಕನ್ನಡ, ಬಲೂ ತಮ್ಮ ಎರಡೂ ಉಚಿತ. ಅಂಗಡಿಯ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತವೆ. ಹಾಗಾಗದಂತೆ ಅಕ್ಷರಗಳನ್ನು ಪಾತ್ ಆಗಿ, ಅಂದರೆ ಫಾಂಟ್ ಬೇಡದ ಆಕೃತಿಗಳಾಗಿ ಬದಲಿಸಿ, ಪಿಡಿಎಫ್ ಮಾಡಿ ಕೊಡಿ. ಲೇಯರುಗಳಿರುವ ಮೂಲ ಕಡತ ನಿಮ್ಮ ಬಳಿಯೇ ಇರಲಿ. ಪರದೆಯಲ್ಲಿ ಹೊಳೆಯುವ ಹಸಿರು, ಗುಲಾಬಿ ಬಣ್ಣಗಳು ಮುದ್ರಣದಲ್ಲಿ ಮಂಕಾಗುವುದರಿಂದ, ದೊಡ್ಡ ಅಳತೆಗೆ ಹಣ ಕಟ್ಟುವ ಮೊದಲು ಎ4ರಲ್ಲಿ ಒಂದು ಪ್ರತಿ ತೆಗೆಸಿ ಬಿಸಿಲಿನಲ್ಲಿ ಹಿಡಿದು ನೋಡಿ.