ಗ್ಲೆಂಕೋ ಲಾಕನ್: ಕಾಡುದಾರಿಯ ನಡಿಗೆಗೆ ಹೋಗುವುದು ಹೇಗೆ?

ಸ್ಕಾಟ್ಲೆಂಡ್ ಪ್ರವಾಸಕ್ಕೆ ಹೋಗುವ ನಮ್ಮವರಲ್ಲಿ ಹಲವರು ಗ್ಲೆಂಕೋ ಕಣಿವೆಯನ್ನು ಕಾರಿನ ಕಿಟಕಿಯಿಂದಲೇ ನೋಡಿ ಮುಂದೆ ಸಾಗುತ್ತಾರೆ. ಕಣಿವೆಯ ಪಶ್ಚಿಮದ ತುದಿಯಲ್ಲಿರುವ ಗ್ಲೆಂಕೋ ಹಳ್ಳಿಯ ಪಕ್ಕದಲ್ಲೇ ಕಾಡು, ಕೊಳ ಮತ್ತು ಬೆಟ್ಟಗಳನ್ನು ಒಂದೇ ನಡಿಗೆಯಲ್ಲಿ ಕಾಣಿಸುವ ಗ್ಲೆಂಕೋ ಲಾಕನ್ (ಲಾಕನ್ ಎಂದರೆ ಪುಟ್ಟ ಕೊಳ) ಇದೆ. ಅದಕ್ಕೆ ಅರ್ಧ ದಿನವನ್ನಾದರೂ ಮೀಸಲಿಡಬೇಕು.

ಮೊದಲು ದಾರಿಯ ವಿಚಾರ. ಗ್ಲಾಸ್ಗೋದಿಂದ ಫೋರ್ಟ್ ವಿಲಿಯಂ ಕಡೆಗೆ ಎ82 ಹೆದ್ದಾರಿಯಲ್ಲಿ ಸಾಗುವ ಬಸ್ಸುಗಳು ಗ್ಲೆಂಕೋದಲ್ಲಿ ನಿಲ್ಲುತ್ತವೆ. ಹಳ್ಳಿಯ ಬೀದಿಯಲ್ಲಿ ನಡೆದು, ಕೋ ನದಿಯ ಸೇತುವೆ ದಾಟಿ, ಎಡಕ್ಕೆ ಏರುವ ರಸ್ತೆ ಹಿಡಿದರೆ ಕಾಡಿನ ವಾಹನ ನಿಲುಗಡೆ ಸಿಗುತ್ತದೆ. ಸ್ವಂತ ವಾಹನದಲ್ಲಿ ಬರುವವರು ನಕ್ಷೆಯಲ್ಲಿ ಹಳ್ಳಿಯ ಪಕ್ಕದ ಕಡಲಚಾಚಿನ ಹೆಸರಾದ ‘ಲಾಕ್ ಲೀವೆನ್’ ಎಂದಷ್ಟೇ ಹುಡುಕಬಾರದು. ಅದೇ ಹೆಸರಿನ ಸರೋವರವೊಂದು ದೇಶದ ಪೂರ್ವಭಾಗದ ಕಿನ್ರಾಸ್ ಬಳಿ ಇದೆ.

ಈ ಕಾಡು ತಾನಾಗಿ ಬೆಳೆದದ್ದಲ್ಲ ಎಂಬುದನ್ನು ತಿಳಿದು ಒಳಹೊಕ್ಕರೆ ನೋಟವೇ ಬದಲಾಗುತ್ತದೆ. ಕೆನಡಾದಲ್ಲಿ ತುಪ್ಪಳದ ವ್ಯಾಪಾರ ನಡೆಸುತ್ತಿದ್ದ ಹಡ್ಸನ್ಸ್ ಬೇ ಕಂಪನಿಯಲ್ಲಿ ದುಡಿದು ಮೇಲೆ ಬಂದ, 1885ರಲ್ಲಿ ಕೆನಡಿಯನ್ ಪೆಸಿಫಿಕ್ ರೈಲುಮಾರ್ಗದ ಕೊನೆಯ ಮೊಳೆಯನ್ನು ಹೊಡೆದ ಡೊನಾಲ್ಡ್ ಸ್ಮಿತ್, ಮುಂದೆ ಲಾರ್ಡ್ ಸ್ಟ್ರಾತ್‌ಕೋನಾ ಎನಿಸಿಕೊಂಡವನು, 1890ರ ದಶಕದಲ್ಲಿ ಇಲ್ಲಿ ಕೊಳ ಕಟ್ಟಿಸಿ ಉತ್ತರ ಅಮೆರಿಕದ ಮರಗಳನ್ನು ನೆಡಿಸಿದ. ಕೆನಡಾದಲ್ಲಿ ಹುಟ್ಟಿ ಬೆಳೆದ ಪತ್ನಿ ಇಸಬೆಲ್ಲಾಳ ತವರಿನ ಹಂಬಲ ತಣಿಯಲೆಂಬುದು ಅವನ ಆಸೆಯಾಗಿತ್ತು. ಅದು ಈಡೇರಲಿಲ್ಲವೆಂದೇ ಸ್ಥಳೀಯರು ಹೇಳುತ್ತಾರೆ. ಅವಳಿಗಾಗಿ ಬೆಳೆಸಿದ ಕಾಡು ಮಾತ್ರ ಈಗ ಎಲ್ಲರಿಗೂ ತೆರೆದಿದೆ.

ಗುರುತುಗಂಬಗಳಿರುವ ದಾರಿಗಳು ಮೂರು, ಮೂರೂ ಚಿಕ್ಕವು. ಬೆಟ್ಟದ ದಾರಿಯನ್ನು ಮೊದಲು ಹತ್ತುವುದು ಒಳ್ಳೆಯದು. ಏರು ಕಡಿದಾದರೂ, ಕಡಲಿನ ಚಾಚಾದ ಲಾಕ್ ಲೀವೆನ್ ಮತ್ತು ಅದರಾಚೆಯ ಬೆಟ್ಟಸಾಲು ಮೇಲಿನಿಂದ ಕಂಡಾಗ ಇಡೀ ಪ್ರದೇಶದ ಅಂದಾಜು ಸಿಗುತ್ತದೆ. ಅನಂತರ ಕಾಡಿನ ದಾರಿಯಲ್ಲಿ ಇಳಿದು, ಕೊಳದ ಸುತ್ತಲಿನ ಸಮತಟ್ಟಾದ ದಾರಿಯನ್ನು ಕೊನೆಗೆ ಉಳಿಸಿಕೊಳ್ಳಬೇಕು. ವಯಸ್ಸಾದವರಿಗೂ ಪುಟ್ಟ ಮಕ್ಕಳಿಗೂ ಈ ಒಂದು ಸುತ್ತೇ ಸಾಕು. 742 ಮೀಟರ್ ಎತ್ತರದ ಪ್ಯಾಪ್ ಆಫ್ ಗ್ಲೆಂಕೋ ಶಿಖರ ಹತ್ತಿರದಲ್ಲೇ ತಲೆಯೆತ್ತಿ ನಿಂತಿದೆ.

ನೀರಿನಲ್ಲಿ ಬೆಟ್ಟದ ಪ್ರತಿಬಿಂಬ ನೋಡಬೇಕೆಂದರೆ ಗಾಳಿಯಿಲ್ಲದ ಮುಂಜಾನೆಯೇ ಆಗಬೇಕು. ಆದರೆ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಗಾಳಿ ನಿಂತ ತೇವದ ಹೊತ್ತಿನಲ್ಲೇ ಮಿಜ್ ಎಂಬ ತೀರಾ ಸಣ್ಣ ನೊಣಗಳು ಗುಂಪಾಗಿ ಮುತ್ತಿ ಕಚ್ಚುತ್ತವೆ. ಮುಲಾಮು, ತಲೆಗೆ ಬಲೆ ಎರಡನ್ನೂ ಒಯ್ಯಿರಿ. ಬಿಸಿಲಿದ್ದರೂ ಮಳೆ ಅಂಗಿ ಕೈಚೀಲದಲ್ಲಿರಲಿ. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುವುದರಿಂದ ನಡಿಗೆಯನ್ನು ಬೆಳಿಗ್ಗೆಯೇ ಆರಂಭಿಸಬೇಕು.

ಮಂಗನ ಕಾಯಿಲೆಯನ್ನು ಕಂಡ ಮಲೆನಾಡಿನವರಿಗೆ ಉಣ್ಣಿಯ ಅಪಾಯವನ್ನು ವಿವರಿಸಬೇಕಿಲ್ಲ. ಇಲ್ಲಿನ ಉಣ್ಣಿಗಳು ಲೈಮ್ ಕಾಯಿಲೆಯನ್ನು ಹರಡಬಲ್ಲವು. ಉದ್ದ ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ ನಡೆಯಿರಿ, ಮರಳಿದ ಮೇಲೆ ಮೊಣಕಾಲಿನ ಹಿಂಬದಿ, ತೊಡೆಸಂದು ಮತ್ತು ಕೂದಲಂಚನ್ನು ಪರೀಕ್ಷಿಸಿ. ಉಣ್ಣಿ ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮದ ಸಮೀಪದಲ್ಲೇ ಹಿಡಿದು, ತಿರುಚದೆ ನೇರವಾಗಿ ಎಳೆದು ತೆಗೆಯಬೇಕು. ಮುಂದಿನ ವಾರಗಳಲ್ಲಿ ಆ ಜಾಗದಲ್ಲಿ ಕೆಂಪು ಕಲೆ ಹರಡತೊಡಗಿದರೆ ವೈದ್ಯರನ್ನು ಕಂಡು, ಉಣ್ಣಿ ಕಚ್ಚಿದ್ದನ್ನು ತಪ್ಪದೆ ತಿಳಿಸಿ.